ಆಳದ ಹಿಮದಲ್ಲಿ ಆರ್ಗೋ ಓಡಿಸುವುದು ಹೇಗೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರಕ್ಕೆ ಹೋದಂತೆ ರಸ್ತೆಗಳು ಮುಗಿಯುತ್ತವೆ, ಕೆಲಸಗಳು ಮುಗಿಯುವುದಿಲ್ಲ. ವಿದ್ಯುತ್ ಮಾರ್ಗ ನೋಡಿಕೊಳ್ಳುವವರು, ಕಾಡಿನಲ್ಲಿ ಬಲೆ ಒಡ್ಡುವವರು, ಹೆಪ್ಪುಗಟ್ಟಿದ ಸರೋವರದಲ್ಲಿ ಗಾಳ ಹಾಕುವವರು, ರಕ್ಷಣಾ ತಂಡದವರು ಎಲ್ಲರೂ ಸೊಂಟದೆತ್ತರದ ಹಿಮ ದಾಟಬೇಕು. ಅದಕ್ಕೆ ಅವರು ನೆಚ್ಚಿಕೊಂಡ ವಾಹನಗಳಲ್ಲಿ ಒಂದು ಆರ್ಗೋ. ಅದೇ ಪ್ರಾಂತ್ಯದ ನ್ಯೂ ಹ್ಯಾಂಬರ್ಗ್ ಪಟ್ಟಣದ ಒಂಟಾರಿಯೊ ಡ್ರೈವ್ ಆ್ಯಂಡ್ ಗಿಯರ್ ಕಂಪನಿ 1967ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಆರು ಅಥವಾ ಎಂಟು ದಪ್ಪ ಟಯರು, ದೋಣಿಯಂತೆ ನೀರು ಒಳಬಾರದ ಒಡಲು. ನೀರಿಗಿಳಿದರೆ ಟಯರಿನ ಪಟ್ಟೆಗಳೇ ಹುಟ್ಟು ಹಾಕುತ್ತವೆ, ಗಂಟೆಗೆ ನಾಲ್ಕೈದು ಕಿ.ಮೀ. ವೇಗದಲ್ಲಿ ತೇಲುತ್ತಾ ಸಾಗುತ್ತದೆ. ಚಳಿಗಾಲದಲ್ಲಿ ಟಯರುಗಳ ಮೇಲೆ ಅಗಲವಾದ ರಬ್ಬರ್ ಟ್ರ್ಯಾಕ್, ಅಂದರೆ ಒಂದು ಬದಿಯ ಟಯರುಗಳನ್ನೆಲ್ಲ ಸುತ್ತುವ ಪಟ್ಟಿ, ಹಾಕುತ್ತಾರೆ.

ಟೊರಾಂಟೊ ಕಡೆಯಿಂದ ಗೆಳೆಯರ ಜೊತೆ ಉತ್ತರಕ್ಕೆ ಹೋಗಿ ಮೊದಲ ಸಲ ಇದರ ಹಿಡಿಕೆ ಹಿಡಿಯುವ ಕನ್ನಡಿಗರು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆಳದ ಹಿಮದಲ್ಲಿ ಎಂಜಿನ್ನಿನ ಶಕ್ತಿಯಿಂದ ಹೆಚ್ಚೇನೂ ಆಗುವುದಿಲ್ಲ. ಹಿಮದ ಮೇಲೆ ನಿಲ್ಲುವುದೇ ಮುಖ್ಯ, ಉಳಿದದ್ದೆಲ್ಲ ಅದಕ್ಕೆ ಪೂರಕ.

ಹೊರಡುವ ಮುನ್ನ

ಮೊದಲು ಟಯರಿನ ಗಾಳಿ ನೋಡಿ. ಗಾಳಿಯ ಒತ್ತಡವನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ಹೇಳುತ್ತಾರೆ. ಕಾರಿನ ಟಯರಿನಲ್ಲಿ ಮೂವತ್ತು ಪಿಎಸ್‌ಐ ಇದ್ದರೆ ಇದರಲ್ಲಿ ಇರುವುದು ಬೆರಳೆಣಿಕೆಯಷ್ಟು. ಬೆಚ್ಚಗಿನ ಗ್ಯಾರೇಜಿನಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, 3 ಪಿಎಸ್‌ಐ ತುಂಬಿಸಿ ಮೈನಸ್ 20ರ ಚಳಿಗೆ ಹೊರಗೆ ತಂದರೆ ಒಳಗಿನ ಗಾಳಿ ಕುಗ್ಗಿ, ಅರ್ಧ ಪಿಎಸ್‌ಐಗಿಂತ ಸ್ವಲ್ಪವೇ ಹೆಚ್ಚು ಉಳಿಯುತ್ತದೆ. ಅಷ್ಟು ಸೊರಗಿದ ಟಯರ್ ತಿರುವಿನಲ್ಲಿ ರಿಮ್ಮಿನಿಂದ ಕಳಚಿಕೊಳ್ಳಬಹುದು, ಟ್ರ್ಯಾಕ್ ಸಡಿಲವಾಗಿ ಜಾರಬಹುದು. ಆದ್ದರಿಂದ ವಾಹನ ಹೊರಗೆ ನಿಂತು ಚಳಿಗೆ ತಣಿದ ಮೇಲೆಯೇ ಗಾಳಿ ಅಳೆಯಿರಿ, ಅಲ್ಲೇ ತುಂಬಿಸಿ. ಪೆಟ್ರೋಲ್ ಬಂಕಿನ ಮೀಟರ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. ಕಡಿಮೆ ಒತ್ತಡಕ್ಕೆಂದೇ ಬರುವ ಮೀಟರ್ ಬೇರೆ ಇದೆ, ಅದನ್ನು ಕೊಂಡುಕೊಳ್ಳಿ. ಟ್ರ್ಯಾಕ್ ಹಾಕಿದಾಗ ಎಷ್ಟು ಗಾಳಿ ಬೇಕು, ಟ್ರ್ಯಾಕ್ ಎಷ್ಟು ಬಿಗಿ ಇರಬೇಕು ಎನ್ನುವುದನ್ನು ನಿಮ್ಮ ಮಾದರಿಯ ಕೈಪಿಡಿಯಲ್ಲಿ ನೋಡಿಯೇ ಹೊಂದಿಸಿ.

ಒಡಲಿನ ತಳದಲ್ಲಿ ನೀರು ಬಸಿಯುವ ತೂತುಗಳಿವೆ. ಅವುಗಳ ಬಿರಡೆ ಭದ್ರವಾಗಿ ಕೂತಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಹಿಂದಿನ ಸಲದ ನೀರು ಒಳಗೆ ಉಳಿದು ಹೆಪ್ಪುಗಟ್ಟಿದ್ದರೆ ಗಾಲಿ ತಿರುಗಿಸುವ ಚೈನು, ಹಲ್ಲುಗಾಲಿಗಳು ಅದರಲ್ಲೇ ಸಿಕ್ಕಿಕೊಂಡಿರುತ್ತವೆ. ಆಗ ಎಂಜಿನ್ನಿಗೆ ಕೆಲಸ ಕೊಟ್ಟರೆ ಚೈನು ತುಂಡಾದೀತು.

ಸಲಿಕೆ, ತಂತಿ ಸುತ್ತಿ ವಾಹನವನ್ನು ಎಳೆಯುವ ವಿಂಚ್, ಅದರ ತಂತಿ ಕಟ್ಟಲು ಮರಕ್ಕೆ ಸುತ್ತುವ ಅಗಲ ಪಟ್ಟಿ, ಒಂದೆರಡು ಹಲಗೆ, ಉಪಗ್ರಹ ಸಂದೇಶ ಸಾಧನ ಜೊತೆಗಿರಲಿ. ಹಿಮದ ಮೇಲೆ ನಡೆಯುವ ಅಗಲ ಪಾದುಕೆ, ಅಂದರೆ ಸ್ನೋಶೂ, ಒಬ್ಬೊಬ್ಬರಿಗೂ ಒಂದೊಂದು ಜೊತೆ ಬೇಕೇ ಬೇಕು. ವಾಹನ ಕೈಕೊಟ್ಟ ಮೇಲೆ ಬರೀ ಬೂಟಿನಲ್ಲಿ ಆ ಹಿಮದಲ್ಲಿ ಒಂದು ಕಿ.ಮೀ. ನಡೆಯುವುದೂ ಗಟ್ಟಿ ಆಳನ್ನು ಸುಸ್ತುಮಾಡುತ್ತದೆ.

ಸಾಗುವುದು

ಎಂಜಿನ್ ಬೆಚ್ಚಗಾಗಲು ಬಿಡಿ. ಲೋ ಗೇರಿನಲ್ಲಿ ನಿಧಾನ ಮುಂದಕ್ಕೆ, ನಿಧಾನ ಹಿಂದಕ್ಕೆ ಅಲುಗಿಸಿ, ರಾತ್ರಿ ಅಂಟಿಕೊಂಡ ಟ್ರ್ಯಾಕ್ ಬಿಡಿಸಿಕೊಳ್ಳಲಿ. ಆಮೇಲೆ ಲೋ ಗೇರಿನಲ್ಲೇ ಹೊರಡಿ. ಶಕ್ತಿ ಸಾಗಿಸುವುದು ಒಂದು ಬೆಲ್ಟ್. ಹೈ ಗೇರಿನಲ್ಲಿ ಹಿಮ ತಳ್ಳಿಸಿದರೆ ಅದು ಜಾರಿ, ಕಾದು, ಸುಟ್ಟುಹೋಗುತ್ತದೆ.

ಥ್ರಾಟಲ್, ಅಂದರೆ ಆಕ್ಸಿಲರೇಟರ್, ಒಂದೇ ಹದದಲ್ಲಿರಲಿ. ವಾಹನದ ಮೂತಿ ತುಸು ಮೇಲೆದ್ದು ಸಾಗುತ್ತಿದ್ದರೆ ಎಲ್ಲವೂ ಸರಿಯಿದೆ ಎಂದು ತಿಳಿಯಿರಿ. ಮೂತಿಯ ಮುಂದೆ ಹಿಮ ರಾಶಿಯಾಗಿ ತಳ್ಳಿಕೊಂಡು ಹೋಗುತ್ತಿದ್ದರೆ ಆಗಲೇ ನಿಲ್ಲಿಸಿ. ಟ್ರ್ಯಾಕ್ ಇದ್ದಲ್ಲೇ ಎರಡು ಸುತ್ತು ಸುತ್ತಿದರೆ ಸಾಕು, ತನ್ನ ಕೆಳಗಿನ ಹಿಮವನ್ನು ತಾನೇ ತೋಡಿ ಹಾಕುತ್ತದೆ. ವಾಹನದ ಹೊಟ್ಟೆ ಹಿಮದ ಮೇಲೆ ಕೂರುತ್ತದೆ, ಭಾರವೆಲ್ಲ ಹೊಟ್ಟೆಗೆ ಹೋಗುತ್ತದೆ, ಗಾಲಿಗಳಿಗೆ ಹಿಡಿತವೇ ಉಳಿಯುವುದಿಲ್ಲ. ಹೊಸಬರು ಇಲ್ಲಿಯೇ ಇನ್ನಷ್ಟು ಥ್ರಾಟಲ್ ಕೊಡುತ್ತಾರೆ. ದಯವಿಟ್ಟು ಕೊಡಬೇಡಿ. ಬಂದ ಜಾಡಿನಲ್ಲೇ ವಾಹನದ ಎರಡು ಉದ್ದದಷ್ಟು ಹಿಂದಕ್ಕೆ ಹೋಗಿ, ಮತ್ತೆ ಮುಂದೆ ಬನ್ನಿ. ಪ್ರತಿ ಸಲವೂ ಹಿಮ ಒಂದಿಷ್ಟು ಅದುಮಿಕೊಂಡು ಇಳಿಜಾರಿನ ಮೆಟ್ಟಿಲಾಗುತ್ತದೆ, ಮೂರನೆಯ ಅಥವಾ ನಾಲ್ಕನೆಯ ಸಲಕ್ಕೆ ವಾಹನ ಅದನ್ನೇರುತ್ತದೆ.

ನಿಲ್ಲಿಸಬೇಕಾದರೆ ಇಳಿಜಾರಿಗೆ ಮುಖ ಮಾಡಿ, ಇಲ್ಲವೇ ಅದುಮಿದ ಜಾಡಿನ ಮೇಲೆ ನಿಲ್ಲಿಸಿ.

ತಿರುಗುವುದು

ಇದರ ಮುಂದಿನ ಗಾಲಿಗಳು ಕಾರಿನಂತೆ ಹೊರಳುವುದಿಲ್ಲ. ಟ್ರ್ಯಾಕ್ ಇರುವ ಹಿಟಾಚಿಯ ಹಾಗೆ ಒಂದು ಬದಿ ತಡೆದು ಇನ್ನೊಂದು ಬದಿ ಓಡಿಸಿ ತಿರುಗುತ್ತದೆ. ಗಟ್ಟಿ ನೆಲದಲ್ಲಿ ನಿಂತಲ್ಲೇ ಹೊರಳಬಹುದು. ಆಳದ ಹಿಮದಲ್ಲಿ ಹಾಗೆ ಮಾಡಿದರೆ ಟ್ರ್ಯಾಕ್ ಅಡ್ಡಡ್ಡ ಕೆರೆದು ಗುಂಡಿ ತೋಡುತ್ತದೆ, ಪಕ್ಕದ ಹಿಮ ಟ್ರ್ಯಾಕಿನೊಳಗೆ ನುಗ್ಗಿ ಅದನ್ನು ಗಾಲಿಯಿಂದ ಹಾರಿಸಲೂಬಹುದು. ಹಿಡಿಕೆಯನ್ನು ಸ್ವಲ್ಪ ಎಳೆದು ಬಿಡಿ, ನೇರ ಸಾಗಿ, ಮತ್ತೆ ಸ್ವಲ್ಪ ಎಳೆಯಿರಿ. ಹೀಗೆ ದೊಡ್ಡ ಬಳಸು ಹಾಕಿ ತಿರುಗಿ. ಗುಡ್ಡವಿದ್ದರೆ ನೇರ ಹತ್ತಿ ನೇರ ಇಳಿಯಿರಿ, ಅಡ್ಡ ಹಾಯಬೇಡಿ. 30 ಡಿಗ್ರಿಗಿಂತ ಕಡಿದಾದ ಹಿಮದ ಇಳಿಜಾರು ಹಿಮರಾಶಿ ಕುಸಿದು ಉರುಳುವ ಜಾಗ. ಅದರ ಬುಡಕ್ಕೂ ಹೋಗಬೇಡಿ.

ಹಿಮಕ್ಕೆ ಒಂದು ರಾತ್ರಿ ಕೊಡಿ

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಹೊಸ ಹಿಮದ ಹರಳುಗಳಿಗೆ ಕವಲುಗಳಿರುತ್ತವೆ, ನಡುವೆ ಗಾಳಿಯೇ ಹೆಚ್ಚು. ಟ್ರ್ಯಾಕ್ ಹಾದಾಗ ಆ ಕವಲುಗಳು ಮುರಿದು ಸಣ್ಣ ಕಾಳುಗಳಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಮೇಲೆ ಕರಗದೆಯೇ, ತಾಗಿದ ಜಾಗಗಳಲ್ಲಿ ಕಾಳು ಕಾಳಿಗೆ ಬೆಸೆಯತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಜಾಡು ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಂದರೆ, ನಿನ್ನೆ ಹೂತುಹೋಗುತ್ತಿದ್ದ ಜಾಗದಲ್ಲಿ ಸಾಮಾನು ತುಂಬಿದ ಸ್ಲೆಡ್ಡನ್ನೂ, ಅಂದರೆ ಹಿಮದ ಮೇಲೆ ಜಾರುವ ಬಂಡಿಯನ್ನೂ, ಎಳೆದುಕೊಂಡು ಹೋಗಬಹುದು.

ಹಾಗಾಗಿ ಭಾರ ಸಾಗಿಸುವ ಕೆಲಸವಿದ್ದರೆ ಹಿಂದಿನ ದಿನವೇ ಖಾಲಿ ವಾಹನದಲ್ಲಿ ಒಮ್ಮೆ ಹೋಗಿ, ಅದೇ ಜಾಡಿನಲ್ಲಿ ಮರಳಿ ಬಂದುಬಿಡಿ. ಮರುದಿನ ಜಾಡಿನ ನಡುವೆಯೇ ಇರಿ. ಅಂಚು ಮೆತ್ತಗೇ ಇರುತ್ತದೆ, ಒಂದು ಬದಿ ಜಾರಿದರೆ ವಾಹನ ವಾಲಿಕೊಳ್ಳುತ್ತದೆ.

ಸರೋವರದ ಮೇಲೆ

ತೇಲುವ ವಾಹನ ಎಂಬ ಧೈರ್ಯದಿಂದ ಸರೋವರಕ್ಕೆ ಇಳಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ತೇಲುವ ಗುಣ ಇರುವುದು ಅನಾಹುತವಾದಾಗ ಬದುಕಿಕೊಳ್ಳಲು. ಅದನ್ನು ನಂಬಿ ತೆಳು ಮಂಜುಗಡ್ಡೆ ದಾಟಬಾರದು. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಮೇಲೆ, ಒಡೆದ ಅಂಚಿಗೆ ಟ್ರ್ಯಾಕ್ ಹತ್ತಿಸಿದರೆ ಅದು ಮತ್ತೆ ಮುರಿಯುತ್ತದೆ ಅಥವಾ ಜಾರುತ್ತದೆ. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಅಲ್ಲಿಯವರೆಗೆ ನಿಮ್ಮನ್ನು ಹೊತ್ತದ್ದು ಆ ಮಂಜುಗಡ್ಡೆಯೇ.

ಕೊರೆದು ನೋಡದೆ ಹೋಗಬೇಡಿ. ಜನ ಮತ್ತು ಸಾಮಾನು ಸೇರಿದ ಆರ್ಗೋಗೆ ಕಾರಿಗೆ ಹೇಳುವ ಅಳತೆಯನ್ನೇ, ಅಂದರೆ 30 ಸೆಂ.ಮೀ. ಸ್ವಚ್ಛ ಮಂಜುಗಡ್ಡೆಯನ್ನು, ಇಟ್ಟುಕೊಳ್ಳುವುದು ಕ್ಷೇಮ. ಹಿಮ ಬೆರೆತು ಬೆಳ್ಳಗಾದ ಮಂಜುಗಡ್ಡೆಗೆ ಅದರ ಅರ್ಧದಷ್ಟೇ ಬಲ. ತೊರೆ ಸೇರುವ ಜಾಗ, ಹರಿವಿರುವ ಜಾಗ ಬಳಸಿಕೊಂಡು ಹೋಗಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಿದ್ದ ಹಿಮದ ಭಾರಕ್ಕೆ ಮಂಜುಗಡ್ಡೆ ಬಾಗುತ್ತದೆ, ಬಿರುಕಿನಿಂದ ನೀರು ಮೇಲೆ ಬಂದು ಹಿಮದಡಿ ರಾಡಿಯಾಗಿ ನಿಲ್ಲುತ್ತದೆ. ಮೇಲಿನ ಹಿಮದ ಹೊದಿಕೆಯಿಂದಾಗಿ ಕಡುಚಳಿಯಲ್ಲೂ ಅದು ಹೆಪ್ಪುಗಟ್ಟುವುದಿಲ್ಲ. ಹಿಂದೆ ತಿರುಗಿ ನೋಡಿದಾಗ ನಿಮ್ಮ ಜಾಡು ಬೂದುಬಣ್ಣಕ್ಕೆ ತಿರುಗುತ್ತಿದ್ದರೆ ನೀವು ರಾಡಿಯಲ್ಲಿದ್ದೀರಿ. ನಿಲ್ಲಬೇಡಿ. ನಿಂತರೆ ಟ್ರ್ಯಾಕಿಗೆ ಅಂಟಿದ ರಾಡಿ ಚಳಿಗಾಳಿಗೆ ಗಟ್ಟಿಯಾಗಿಬಿಡುತ್ತದೆ.

ತೇಲುವ ಸೂಟು ತೊಟ್ಟಿರಿ. ಮಂಜುಗಡ್ಡೆಗೆ ಚುಚ್ಚಿ ಮೇಲೇರುವ ಮೊಳೆಗೂಟಗಳು ಕೊರಳಲ್ಲಿ ತೂಗುತ್ತಿರಲಿ. ತಣ್ಣೀರಿನಲ್ಲಿ ಮೈಗೆ ಏನಾಗುತ್ತದೆ ಎಂದು ಅಧ್ಯಯನ ಮಾಡಿದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಕಲಿಸಿದ 1-10-1 ಸೂತ್ರ ಬಾಯಿಪಾಠವಿರಲಿ: ತಣ್ಣೀರಿಗೆ ಬಿದ್ದರೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದ ಮಾತು ಕೇಳುವುದು 10 ನಿಮಿಷ, ಮೈ ತಣಿದು ಪ್ರಜ್ಞೆ ತಪ್ಪುವ ತನಕ ಸುಮಾರು 1 ಗಂಟೆ.

ಹೂತುಹೋದರೆ

ಎಂಜಿನ್ ಓಡುತ್ತಿದ್ದರೆ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ವಿಷದ ಹೊಗೆ ಒಳಗೆ ತುಂಬಬಾರದು. ಅನಂತರ ಹೊಟ್ಟೆಯ ಕೆಳಗೆ ತೋಡಿ. ಬರೀ ಗಾಲಿಯ ಮುಂದೆ ತೋಡಿದರೆ ಫಲವಿಲ್ಲ, ವಾಹನವನ್ನು ಎತ್ತಿ ಹಿಡಿದಿರುವುದು ಹೊಟ್ಟೆಯಡಿಯ ಹಿಮ. ಟ್ರ್ಯಾಕಿನಡಿ ಹಲಗೆ, ಕೊಂಬೆ ತುರುಕಿ ಹಿಂದಕ್ಕೇ ಬನ್ನಿ.

ವಿಂಚಿಗೆ ಮರ ಸಿಗದ ಬಯಲಿನಲ್ಲಿ, ಎಳೆಯುವ ದಿಕ್ಕಿಗೆ ಅಡ್ಡಲಾಗಿ ಆಳದ ಕಾಲುವೆ ತೋಡಿ, ದಿಮ್ಮಿಯೊಂದಕ್ಕೆ ಪಟ್ಟಿ ಕಟ್ಟಿ ಹೂಳಿ. ಮೇಲೆ ಹಿಮ ತುಂಬಿ ತುಳಿದು ಗಟ್ಟಿಮಾಡಿ. ತಕ್ಷಣ ಎಳೆದರೆ ಕಿತ್ತುಬರುತ್ತದೆ. ಅರ್ಧ ಗಂಟೆಯಾದರೂ ಬಿಡಿ, ಜಾಡು ಗಟ್ಟಿಯಾದ ಹಾಗೆಯೇ ಇಲ್ಲಿಯೂ ಹಿಮ ಬೆಸೆದುಕೊಳ್ಳುತ್ತದೆ. ಎಳೆಯುವಾಗ ತಂತಿಯ ಹತ್ತಿರ ಯಾರೂ ನಿಲ್ಲಬಾರದು.

ಮರಳಿದ ಮೇಲೆ

ಟ್ರ್ಯಾಕ್ ಮತ್ತು ಒಡಲಿನ ನಡುವೆ ಕಚ್ಚಿದ ಹಿಮವನ್ನು ಗಟ್ಟಿಯಾಗುವ ಮೊದಲೇ ಕೆರೆದು ತೆಗೆಯಿರಿ. ಟ್ರ್ಯಾಕ್ ನೆಲಕ್ಕೆ ಅಂಟಿಕೊಳ್ಳದಂತೆ ಹಲಗೆಗಳ ಮೇಲೆ ನಿಲ್ಲಿಸಿ. ನೀರಿಗೋ ರಾಡಿಗೋ ಇಳಿದಿದ್ದರೆ ಬೇರಿಂಗುಗಳಿಗೆ ಗ್ರೀಸ್ ಹಾಕಿ. ತಳದ ಬಿರಡೆ ಬಿಚ್ಚಿ ನೀರು ಪೂರ್ತಿ ಬಸಿಯಲಿ. ಬಿಚ್ಚಿದ ಬಿರಡೆಗಳನ್ನು ಬೀಗದ ಕೈಯ ಜೊತೆಗೇ ಕಟ್ಟಿಡಿ, ಅವನ್ನು ಹಾಕದೆ ನಾಳೆ ಯಾರೂ ಎಂಜಿನ್ ಚಾಲೂ ಮಾಡದಿರಲಿ.