ಸಾಂಕ್ರಾಮಿಕದ ಕಾಲದಲ್ಲಿ ಆಸ್ಪತ್ರೆ ಸಿಬ್ಬಂದಿಯ ಭಯವನ್ನು ನಿಭಾಯಿಸುವುದು ಹೇಗೆ?

ಸಕಲೇಶಪುರ, ಅರಕಲಗೂಡಿನಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರ್ಡಿನ ಹೊಣೆ ಹೊತ್ತವರು ಸಿಬ್ಬಂದಿಗೆ ಧೈರ್ಯ ಹೇಳುವ ಮುನ್ನ, ಯಾರು ಯಾವುದಕ್ಕೆ ಹೆದರಿದ್ದಾರೆ ಎಂಬುದನ್ನು ಒಬ್ಬೊಬ್ಬರನ್ನೇ ಕೇಳಿ ತಿಳಿದುಕೊಳ್ಳಬೇಕು. 2020ರ ಕೊರೊನಾ ಕಾಲದಲ್ಲಿ ಎಷ್ಟೋ ನರ್ಸ್‌ಗಳನ್ನು ತಮ್ಮ ಸಾವಿಗಿಂತ ಹೆಚ್ಚಾಗಿ ಕಾಡಿದ್ದು, ಮನೆಯ ಹಿರಿಯರಿಗೆ, ಎಳೆಮಕ್ಕಳಿಗೆ ಸೋಂಕು ಹೊತ್ತು ತಂದೇನೆಂಬ ಭಯ. ಡಿ ಗ್ರೂಪ್ ನೌಕರರಿಗೆ ಒಳ್ಳೆಯ ಮಾಸ್ಕ್ ತಮ್ಮವರೆಗೆ ಬಂದೀತೇ ಎಂಬ ಅನುಮಾನವಿದ್ದರೆ, ಹೊರಗುತ್ತಿಗೆಯವರಿಗೆ ಹಾಸಿಗೆ ಹಿಡಿದರೆ ಸಂಬಳ ನಿಂತೀತೆಂಬ ಆತಂಕವಿರುತ್ತದೆ. ಒಂದೇ ಭಾಷಣ ಇವಕ್ಕೆಲ್ಲ ಮದ್ದಾಗದು.

ಪಾಳಿ ಬದಲಾಗುವಾಗ ಶುಚಿತ್ವದ ಕೆಲಸದವರನ್ನೂ ಬಿಡದೆ ಎಲ್ಲರನ್ನೂ ಹತ್ತು ನಿಮಿಷ ಕೂಡಿಸಿ, ರೋಗಿಗಳೆಷ್ಟು, ಎನ್‌-95 ಮಾಸ್ಕ್ ಎಷ್ಟು ದಿನಕ್ಕೆ ಸಾಕು, ಯಾವ ನಿಯಮ ಬದಲಾಗಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ. ಕೊರತೆಯಿದ್ದರೆ ಹಾಗೆಂದೇ ಹೇಳಿ; ಮೇಲಿನವರು ಬಾಯಿ ಬಿಡದಿದ್ದರೆ ವಾಟ್ಸ್‌ಆಪ್‌ನಲ್ಲಿ ಬಂದದ್ದೇ ನಿಜವಾಗಿಬಿಡುತ್ತದೆ.

ಪಿಪಿಇ ಕಿಟ್ ತೊಡುವುದಕ್ಕಿಂತ ಕಳಚುವಾಗ ಸೋಂಕು ತಗಲುವ ಅಪಾಯ ಹೆಚ್ಚು, ಅದರಲ್ಲೂ ನೈಟ್ ಡ್ಯೂಟಿ ಮುಗಿಸಿ ಬೆವರಿನಲ್ಲಿ ತೊಯ್ದು, ಕನ್ನಡಕ ಮಂಜಾಗಿ, ಬೇಗ ಹೊರಬಂದರೆ ಸಾಕೆನ್ನಿಸುವ ಹೊತ್ತಿನಲ್ಲಿ ಕೈ ತಪ್ಪುವುದು ಸುಲಭ. ಆದ್ದರಿಂದ ಕಳಚುವ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ಕೈಗವಸು, ಕನ್ನಡಕ, ಗೌನು, ಕೊನೆಗೆ ವಾರ್ಡಿನ ಹೊರಗೆ ಹಿಂಬದಿಯ ಪಟ್ಟಿ ಹಿಡಿದು ಮಾಸ್ಕ್, ನಡುನಡುವೆ ಕೈ ಶುಚಿ ಎಂದು ಒಂದೊಂದನ್ನೇ ಗಟ್ಟಿಯಾಗಿ ಹೇಳಿಸಿ. ಎಲ್ಲವೂ ಸರಿಯಾಗಿ ಆಯಿತೆಂದು ಇನ್ನೊಬ್ಬರು ನೋಡಿ ಹೇಳಿದ ಮೇಲೆ ಮನೆಯ ಹೊಸಿಲು ದಾಟುವ ಅಳುಕು ಎಷ್ಟೋ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಷ್ಟು ಕಡಿಮೆ ಖರ್ಚಿನ ಮನೋಚಿಕಿತ್ಸೆ ಮತ್ತೊಂದಿಲ್ಲ.

ಹೊಸಬರನ್ನು ಅನುಭವಿಗಳ ಜೊತೆಗೇ ಡ್ಯೂಟಿಗೆ ಹಾಕಿ, ತೀವ್ರ ನಿಗಾ ಘಟಕದವರನ್ನು ಆಗಾಗ ಹಗುರವಾದ ಕೆಲಸಕ್ಕೆ ಬದಲಿಸಿ. ನಮ್ಮ ಹಾಸನದಂಥ ಜಿಲ್ಲೆಯಲ್ಲಿ ಹಾಸಿಗೆಯಲ್ಲಿ ಮಲಗಿದವರು ಬಹಳ ಸಲ ಪರಿಚಿತರೇ ಆಗಿರುವುದರಿಂದ ಸಾವಿನ ನೋವು ಇಮ್ಮಡಿಯಾಗುತ್ತದೆ. ಅಂಥ ದಿನ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ಆದರೆ ಎಲ್ಲರೆದುರು ನಡೆದದ್ದನ್ನು ಬಲವಂತವಾಗಿ ಹೇಳಿಸಬೇಡಿ.

ಮನೆ ಖಾಲಿ ಮಾಡೆಂದು ಮಾಲೀಕರು ಪೀಡಿಸಿದರೆ ಅಥವಾ ರೋಗಿಯ ಕಡೆಯವರು ಕೈಮಾಡಿದರೆ, 2020ರಲ್ಲಿ ತಿದ್ದುಪಡಿಯಾದ ಸಾಂಕ್ರಾಮಿಕ ರೋಗಗಳ ಕಾಯ್ದೆ ಸಿಬ್ಬಂದಿಯ ನೆರವಿಗಿದೆ. ಠಾಣೆಗೆ ಅವರನ್ನು ಒಬ್ಬರೇ ಕಳಿಸದೆ ನೀವೂ ಜೊತೆಗೆ ಹೋಗಿ.

ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಕುಡಿತ ಅಥವಾ ತಾವಾಗಿಯೇ ನುಂಗುವ ನಿದ್ರೆಮಾತ್ರೆ ಹೆಚ್ಚಿದರೆ ಮನೋವೈದ್ಯರನ್ನು ಕಾಣಿಸಬೇಕು. ಸಾಯುವ ಮಾತು ಬಂದರೆ ಅಂದೇ ಕಾಣಿಸಬೇಕು, ಒಂಟಿಯಾಗಿ ಬಿಡಬಾರದು. ಸಹೋದ್ಯೋಗಿಗಳಿಗೆ ತಿಳಿದೀತೆಂದು ಜಿಲ್ಲಾಸ್ಪತ್ರೆಗೆ ಹೋಗಲು ಹಿಂಜರಿಯುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು ಎಂಬುದನ್ನೂ ಅವರಿಗೆ ತಿಳಿಸಿ.

ಕೆಲವರು ಅಲೆ ಇಳಿದ ಮೇಲೆಯೇ ಕುಸಿಯುತ್ತಾರೆ. ಆದ್ದರಿಂದ ವಾರ್ಡು ಖಾಲಿಯಾದೊಡನೆ ಬಾಕಿ ರಜೆಗಳನ್ನು ಮಂಜೂರು ಮಾಡಿ, ಮುಂದಿನ ಕೆಲವು ತಿಂಗಳೂ ಪ್ರತಿಯೊಬ್ಬರನ್ನು ವಿಚಾರಿಸುತ್ತಿರಿ.