ಮೂರನೇ ಸಾಲಿನ ಕಾರ್ಪೆಟ್ ಒದ್ದೆಯಾಗುತ್ತಿದ್ದದ್ದು ನಿಂತ ಬಗೆ

ನಮ್ಮ ಏಳು ಸೀಟಿನ ಲಕ್ಷುರಿ ಎಸ್‌ಯುವಿಯಲ್ಲಿ ಜೋರು ಮಳೆಯ ಮರುದಿನ ಮೂರನೇ ಸಾಲಿನ ಎಡಗಡೆ ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ. ಡಿಕ್ಕಿಯ ರಬ್ಬರ್ ಬದಲಾಯಿಸಿದೆ, ಟೈಲ್ ಲ್ಯಾಂಪ್ ಸುತ್ತ ಸೀಲೆಂಟ್ ಹಾಕಿಸಿದೆ. ಉಪಯೋಗವಾಗಲಿಲ್ಲ.

ನೀರು ಬರುತ್ತಿದ್ದದ್ದು ಪನೋರಮಿಕ್ ಸನ್‌ರೂಫ್‌ನಿಂದ, ಅಂದರೆ ಚಾವಣಿಯ ದೊಡ್ಡ ಗಾಜಿನ ಕಡೆಯಿಂದ. ಗಾಜಿನ ಸುತ್ತಲಿನ ಕಾಲುವೆಗೆ ನೀರು ಇಳಿಯುವುದು ಸಹಜ. ಮೂಲೆಗಳ ಕೊಳವೆಗಳು ಅದನ್ನು ಹೊರಗೆ ಬಿಡಬೇಕು. ಹಿಂದಿನ ಕೊಳವೆಗೆ ಮೇಲಿನಿಂದ ಕೈ ಎಟುಕದು. ಬಂಪರ್ ಬಿಚ್ಚಿಸಿ ಕೆಳತುದಿಯ ರಬ್ಬರ್ ಮೂತಿ ಎಳೆದೆವು. ಒಳಗೆ ಹೊಂಗೆ ಹೂವು ಕೊಳೆತು ಕಪ್ಪು ಗಸಿಯಾಗಿತ್ತು. ಕಾರು ನಿಲ್ಲುವುದೇ ಆ ಮರದಡಿ.

ಮೊದಲು ಮೂತಿ ತೊಳೆಯಿರಿ. ಆಮೇಲೆ 2 ಮಿ.ಮೀ. ನೈಲಾನ್ ದಾರವನ್ನು ಕೆಳಗಿನಿಂದ ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆ ತಳ್ಳಿ. ಕಂಪ್ರೆಸರ್ ಗಾಳಿ ಬೇಡವೇ ಬೇಡ, ಒಳಗಿನ ಜಾಯಿಂಟ್ ಕಳಚಬಹುದು. ಕೊನೆಗೆ ಕಾಲುವೆಗೆ ಕಾಲು ಲೀಟರ್ ನೀರು ನಿಧಾನವಾಗಿ ಸುರಿಯಿರಿ; ಅದು ಚಕ್ರದ ಹಿಂದೆ ಧಾರೆಯಾಗಿ ಬೀಳಬೇಕು. ಕಾರ್ಪೆಟ್ ಎತ್ತಿ ಅಡಿಯ ಫೋಮ್ ಒಣಗಿಸಿದ ಮೇಲೆಯೇ ಸೀಟು ಕೂರಿಸಿ.