ವಯಸ್ಕರ ಸಾಕ್ಷರತೆ: ಪ್ರಶ್ನಿಸಿದರೂ ಅಲುಗದ ಅಂಕಿ-ಅಂಶ ಕಲೆಹಾಕುವುದು ಹೇಗೆ

ವಯಸ್ಕರ ಕಲಿಕಾ ಕೇಂದ್ರಕ್ಕೆ ಅನುದಾನ ಕೇಳುವಾಗ ಎದುರಾಗುವ ಮೊದಲ ಪ್ರಶ್ನೆ: ‘ಈ ಸಂಖ್ಯೆ ಎಲ್ಲಿಂದ ಬಂತು?’ ಅದಕ್ಕೆ ತಡವರಿಸಿದರೆ ಮುಂದಿನ ಮಾತಿಗೆ ಬೆಲೆ ಇರುವುದಿಲ್ಲ. ಆದ್ದರಿಂದ ಯಾವ ಅಂಕಿ ಬರೆದುಕೊಂಡರೂ ಪಕ್ಕದಲ್ಲೇ ನಾಲ್ಕು ವಿವರ ಇರಲಿ: ಯಾವ ವರ್ಷದ್ದು, ಯಾವ ವಯಸ್ಸಿನವರದು, ಸಾಕ್ಷರರೆಂದರೆ ಯಾರು, ಓದಿಸಿ ನೋಡಿದ್ದೋ ಬರೀ ಕೇಳಿ ಬರೆದುಕೊಂಡದ್ದೋ.

ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ. ಜನಗಣತಿಯಲ್ಲಿ ಸಾಮಾನ್ಯವಾಗಿ ಮನೆಯ ಒಬ್ಬರೇ ಎಲ್ಲರ ಪರವಾಗಿ ಉತ್ತರಿಸುತ್ತಾರೆ. ಸಹಿಯಷ್ಟೇ ಕಲಿತವರು, ಓದಲು ಬರುವುದಿಲ್ಲ ಎನ್ನಲು ಸಂಕೋಚಪಡುವವರು ಸಾಕ್ಷರರ ಪಟ್ಟಿಗೆ ಸೇರಿಬಿಡುತ್ತಾರೆ. ಹಲವು ದೇಶಗಳಲ್ಲಿ ಜನಸಂಖ್ಯೆ, ಆರೋಗ್ಯದ ಬಗ್ಗೆ ಮನೆಮನೆಗೆ ಹೋಗಿ ನಡೆಸುವ ಡಿಎಚ್‌ಎಸ್ ಸಮೀಕ್ಷೆಗಳಲ್ಲಿ ಕಡಿಮೆ ಓದಿದವರಿಗೆ ಕಾರ್ಡ್ ಕೊಟ್ಟು ಒಂದು ವಾಕ್ಯ ಓದಿಸುತ್ತಾರೆ. ಆರ್ಥಿಕ ಸಹಕಾರಕ್ಕಾಗಿ ಇರುವ ದೇಶಗಳ ಒಕ್ಕೂಟ ಒಇಸಿಡಿ ನಡೆಸುವ, ವಯಸ್ಕರ ಕೌಶಲದ ‘ಪಿಯಾಕ್’ ಸಮೀಕ್ಷೆ 16ರಿಂದ 65 ವರ್ಷದವರ ಓದಿನ ಕೌಶಲವನ್ನು 500 ಅಂಕಗಳ ಅಳತೆಯಲ್ಲಿ ಪರೀಕ್ಷಿಸುತ್ತದೆ. ಮೂರೂ ಅಳೆಯುವುದು ಬೇರೆ ಬೇರೆ ಸಂಗತಿಯನ್ನು; ಒಂದೇ ಗ್ರಾಫಿನಲ್ಲಿ ಗೆರೆ ಎಳೆದು ಜೋಡಿಸಬೇಡಿ.

ವಯಸ್ಸಿನದೂ ಇದೇ ಕಥೆ. ಭಾರತದ ಜನಗಣತಿಯ ಸಾಕ್ಷರತಾ ಪ್ರಮಾಣಕ್ಕೆ 7 ವರ್ಷ ಮೇಲ್ಪಟ್ಟವರೆಲ್ಲ ಸೇರುತ್ತಾರೆ. ಯುನೆಸ್ಕೊ ವಯಸ್ಕರ ಪ್ರಮಾಣ 15 ವರ್ಷದಿಂದ ಆರಂಭ. ಶಾಲಾ ಮಕ್ಕಳು ಸೇರಿದರೆ ಪ್ರಮಾಣ ಏರುತ್ತದೆ, ವಯಸ್ಕರ ಕೊರತೆ ಮರೆಯಾಗುತ್ತದೆ. ವಯೋಮಾನವಾರು ಕೋಷ್ಟಕ ಹುಡುಕಿ, 15 ಮೇಲ್ಪಟ್ಟ ಅನಕ್ಷರಸ್ಥರನ್ನು 15 ಮೇಲ್ಪಟ್ಟ ಒಟ್ಟು ಜನರಿಂದ ಭಾಗಿಸಿ. ಒಟ್ಟು ಜನಸಂಖ್ಯೆಯಿಂದಲ್ಲ.

ಸ್ಥಳೀಯ ಅಂಕಿ ಸಿಗದಿದ್ದರೆ ನೀವೇ ಸಮೀಕ್ಷೆ ಮಾಡಬೇಕು. ಮನೆಗಳ ಪಟ್ಟಿ ಮೊದಲು ಬೇಕು. 2,400 ಮನೆಗಳಲ್ಲಿ 400 ಆರಿಸುವುದಾದರೆ, 1ರಿಂದ 6ರೊಳಗೆ ಚೀಟಿ ಎತ್ತಿ ಅಲ್ಲಿಂದ ಪ್ರತಿ ಆರನೇ ಮನೆ. ಮನೆಯೊಳಗೂ ಚೀಟಿ ಎತ್ತಿಯೇ ಒಬ್ಬ ವಯಸ್ಕರನ್ನು ಆರಿಸಿ. ಬಾಗಿಲು ತೆರೆದವರನ್ನೇ ಕೇಳುತ್ತ ಹೋದರೆ ದುಡಿಯಲು ಹೋದವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಬೀಗ ಹಾಕಿದ್ದರೆ ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ, ಪಕ್ಕದ ಮನೆಗೆ ನುಗ್ಗಬೇಡಿ. ಆರಿಸಿದ ಪ್ರತಿ ಮನೆಯಲ್ಲಿ ಎಷ್ಟು ವಯಸ್ಕರಿದ್ದಾರೆಂದು ಬರೆದುಕೊಳ್ಳಿ: ನಾಲ್ವರಿದ್ದರೆ ಆರಿಸಿದ ಒಬ್ಬರು ನಾಲ್ವರನ್ನೂ ಪ್ರತಿನಿಧಿಸುವುದರಿಂದ ಅವರ ಉತ್ತರವನ್ನು ಲೆಕ್ಕದಲ್ಲಿ ನಾಲ್ಕರಿಂದ ಗುಣಿಸಬೇಕಾಗುತ್ತದೆ.

ಓದಿಸುವ ಕಾರ್ಡಿನಲ್ಲಿ ದಿನಬಳಕೆಯ ಮಾತಿನ ಒಂದು ಸರಳ ವಾಕ್ಯ, ದಪ್ಪ ಅಕ್ಷರದಲ್ಲಿ. ನಾಲ್ಕು ಬೇರೆ ಬೇರೆ ವಾಕ್ಯಗಳ ಕಾರ್ಡುಗಳಿರಲಿ. ಒಂದೇ ಆದರೆ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಬಾಯಿಪಾಠ ಒಪ್ಪಿಸುತ್ತಾರೆ. ಪೂರ್ತಿ ಓದಿದರು, ಸ್ವಲ್ಪ ಓದಿದರು, ಓದಲಾಗಲಿಲ್ಲ ಎಂಬ ಮೂರು ಕಾಲಂಗಳ ಜೊತೆಗೆ ‘ಕಣ್ಣು ಕಾಣಿಸುವುದಿಲ್ಲ’ ಎಂಬುದಕ್ಕೆ ಪ್ರತ್ಯೇಕ ಕಾಲಂ ಬೇಕೇ ಬೇಕು. ಕನ್ನಡಕ ಹಾಕದ ಹಿರಿಯರನ್ನು ಅನಕ್ಷರಸ್ಥರೆಂದು ಬರೆದುಕೊಳ್ಳುವುದು ತಪ್ಪಷ್ಟೇ ಅಲ್ಲ, ಅನ್ಯಾಯ. ಮಕ್ಕಳ, ಸೊಸೆಯಂದಿರ ಎದುರು ಓದಿಸಬೇಡಿ. ‘ಇದು ಪರೀಕ್ಷೆಯಲ್ಲ, ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ’ ಎಂದು ಹೇಳಿ, ಫಾರಂನಲ್ಲಿ ಹೆಸರಿನ ಬದಲು ಕ್ರಮಸಂಖ್ಯೆ ಮಾತ್ರ ಬರೆಯಿರಿ.

ಹೀಗೆ ಆರಿಸಿದ 400 ಜನರ ಫಲಿತಾಂಶದಲ್ಲಿ ಸುಮಾರು 5 ಶೇಕಡಾ ಅಂಶ ಆಚೀಚೆ ಇರಬಹುದು. ಅದರಲ್ಲಿ 200 ಮಹಿಳೆಯರನ್ನಷ್ಟೇ ತೆಗೆದು ನೋಡಿದರೆ ಸುಮಾರು 7. ಮನೆಯ ಗಾತ್ರದಿಂದ ಗುಣಿಸಿದಾಗ ಇನ್ನೂ ತುಸು ಹಿಗ್ಗುತ್ತದೆ. ಹಾಗಾಗಿ ಎರಡು ಬೀದಿಗಳ ನಡುವಿನ 4 ಅಂಶದ ಅಂತರವನ್ನು ಸಾಧನೆಯೆಂದೋ ಕುಸಿತವೆಂದೋ ಬಣ್ಣಿಸಬೇಡಿ. ಅನಕ್ಷರತೆ ಶೇ 40ರಿಂದ ಶೇ 30ಕ್ಕೆ ಇಳಿದರೆ ಅದು 10 ಅಂಶದ ಇಳಿಕೆ, ಇದ್ದದ್ದರ ಶೇ 25ರಷ್ಟು ಇಳಿಕೆ. ಯಾವುದನ್ನು ಹೇಳುತ್ತಿದ್ದೀರೆಂದು ಸ್ಪಷ್ಟಪಡಿಸಿ. ಶೇಕಡಾವಾರು ಇಳಿದಾಗಲೂ ಜನಸಂಖ್ಯೆ ಬೆಳೆದಿದ್ದರೆ ಅನಕ್ಷರಸ್ಥರ ಸಂಖ್ಯೆ ಏರಿರಬಹುದು. ತಲೆ ಎಣಿಕೆಯನ್ನೂ ಜೊತೆಗಿಡಿ, ಏಕೆಂದರೆ ಎಷ್ಟು ತರಗತಿ, ಎಷ್ಟು ಬೋಧಕರು ಬೇಕೆಂಬುದು ತೀರ್ಮಾನವಾಗುವುದು ಅದರಿಂದಲೇ.